ಕೆರೆ, ಹೊಳೆ ಮತ್ತು ಗಾಳ: ಕೊಡಗಿನಲ್ಲಿ ನಾನು ಮೀನಿನ ಪ್ರವಾಸಕ್ಕೆ ಸಿದ್ಧವಾಗುವ ಬಗೆ

ಗಾಳ ಹಿಡಿದು ಹೊರಡುವವರಲ್ಲಿ ಬಹಳ ಮಂದಿ ಮೊದಲು ಒಳ್ಳೆಯ ಜಾಗ ಯಾವುದೆಂದು ವಿಚಾರಿಸುತ್ತಾರೆ. ನಾನು ಮೊದಲು ನೋಡುವುದು ನೀರು ಈಗ ಹೇಗಿದೆ ಎಂಬುದನ್ನು, ಆಮೇಲೆ ಆ ನೀರು ಯಾರ ಸುಪರ್ದಿಯಲ್ಲಿದೆ ಎಂಬುದನ್ನು. ಕೊಡಗಿನಂಥ ಸಣ್ಣ ಜಿಲ್ಲೆಯಲ್ಲಿ ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕಿದರೆ ಎಲ್ಲಿಗೆ ಹೋಗಬೇಕೆಂಬುದು ಬಹುಮಟ್ಟಿಗೆ ತೀರ್ಮಾನವಾದಂತೆಯೇ.

ನೀರಿನ ಸ್ಥಿತಿ ತಿಳಿಯಲು ನನಗೆ ಅತ್ಯಂತ ಉಪಯೋಗಕ್ಕೆ ಬಂದಿರುವುದು ಸ್ಥಳೀಯ ಪತ್ರಿಕೆಗಳು ಮಳೆಗಾಲದಲ್ಲಿ ದಿನವೂ ಕೊಡುವ ಹೋಬಳಿವಾರು ಮಳೆಯ ವಿವರ ಮತ್ತು ಹಾರಂಗಿ ಜಲಾಶಯದ ಮಟ್ಟ. ಭಾಗಮಂಡಲ, ನಾಪೋಕ್ಲು ಕಡೆ ಜೋರು ಮಳೆಯಾದರೆ ಕುಶಾಲನಗರದಲ್ಲಿ ಒಳ್ಳೆಯ ಬಿಸಿಲಿದ್ದರೂ ಕಾವೇರಿಯಲ್ಲಿ ಕೆಂಪು ನೀರು ಬರುತ್ತದೆ. ಹಾರಂಗಿಯ ಗರಿಷ್ಠ ಮಟ್ಟ 2,859 ಅಡಿ. ನೀರು ಅದರ ಸಮೀಪಕ್ಕೆ ಬಂದು ಹೊರಹರಿವು ಹೆಚ್ಚಿಸಿದಾಗ, ಹಾರಂಗಿಯು ಕಾವೇರಿಯನ್ನು ಸೇರುವ ಕೂಡಿಗೆಯಿಂದ ಕೆಳಗೆ ಹೊಳೆ ಏಕಾಏಕಿ ಏರುತ್ತದೆ. ಆದರೆ ಕೂಡಿಗೆಗಿಂತ ಮೇಲಿರುವ ದುಬಾರೆ, ವಾಲ್ನೂರು, ಸಿದ್ದಾಪುರದ ಕಡೆಗಳಲ್ಲಿ ಈ ಗೇಟಿನ ಪ್ರಭಾವ ಇರುವುದಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಮಳೆ ಮಾತ್ರ. ಬಂಡೆಯ ಮೇಲೆ ಗಂಟೆಗಟ್ಟಲೆ ಕೂರುವವರಿಗೆ ಈ ವ್ಯತ್ಯಾಸ ತಿಳಿದಿರಲೇಬೇಕು.

ಜೂನ್‌ನಿಂದ ಸೆಪ್ಟೆಂಬರ್ ಕಳೆಯುವವರೆಗೆ ನಾನು ಹೊಳೆಗೆ ಗಾಳ ಹಾಕುವುದಿಲ್ಲ. ಪ್ರವಾಹದ ಅಪಾಯ ಒಂದು ಕಾರಣವಾದರೆ, ಅದಕ್ಕಿಂತ ದೊಡ್ಡ ಕಾರಣ ಮಹಶೀರ್ ಮೊದಲಾದ ಮೀನುಗಳು ಮೊಟ್ಟೆ ಇಡಲು ಹೊಸ ನೀರಿನಲ್ಲಿ ಮೇಲಕ್ಕೆ ಏರುವ ಕಾಲ ಅದು ಎಂಬುದು. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣ ಮುಗಿದು, ನೀರು ತಿಳಿಯಾಗಿ, ಮೊಣಕಾಲು ಆಳದಲ್ಲಿ ನಿಂತರೆ ಪಾದ ಕಾಣುವಂತಾದ ಮೇಲೆಯೇ ನನ್ನ ಪ್ರವಾಸದ ಸಿದ್ಧತೆ ಆರಂಭವಾಗುತ್ತದೆ. ಅಲ್ಲಿಂದ ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ತನಕ ಹೊಳೆಗೆ ಅತ್ಯುತ್ತಮ ಕಾಲ.

ಆಮೇಲೆ ಕಾಫಿ ಕುಯ್ಲು. ಹೊರಗಿನಿಂದ ಬರುವ ಗಾಳಗಾರರು ಇದನ್ನು ಗಣನೆಗೆ ತೆಗೆದುಕೊಳ್ಳುವುದೇ ಇಲ್ಲ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಪಲ್ಪಿಂಗ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಕೆಲಸ ನಡೆಯುವಾಗ, ಹಣ್ಣು ತೊಳೆದ ನೀರನ್ನು ಗುಂಡಿಯಲ್ಲಿ ನಿಲ್ಲಿಸದೆ ತೋಡಿಗೆ ಬಿಡುವ ತೋಟಗಳ ಕೆಳಗೆ ನೀರು ಕಂದಾಗಿ, ಹುಳಿ ವಾಸನೆ ಬಂದು, ನೊರೆ ಕಟ್ಟುತ್ತದೆ. ಆ ಕೊಳೆತ ನೀರಿನಲ್ಲಿ ಆಮ್ಲಜನಕ ಇಳಿಯುವುದರಿಂದ ಮೀನು ಅಲ್ಲಿ ನಿಲ್ಲುವುದಿಲ್ಲ. ಸಣ್ಣ ಮೀನುಗಳು ಸತ್ತು ತೇಲುವುದೂ ಉಂಟು. ಆದ್ದರಿಂದ ಆ ತಿಂಗಳುಗಳಲ್ಲಿ ನಾನು ಸಣ್ಣ ತೋಡು ಬಂದು ಸೇರುವ ಮಡುಗಳನ್ನು ಬಿಟ್ಟು, ಹರಿವು ಹೆಚ್ಚಿರುವ ಮುಖ್ಯ ಹೊಳೆಯನ್ನೋ ಚಿಕ್ಲಿಹೊಳೆಯಂಥ ಜಲಾಶಯವನ್ನೋ ಆರಿಸಿಕೊಳ್ಳುತ್ತೇನೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೂ ಅರಳಿಸಲು ಸ್ಪ್ರಿಂಕ್ಲರ್ ಓಡಿಸುವ ತೋಟಗಳ ಕೆರೆಗಳು ವೇಗವಾಗಿ ಇಳಿಯುತ್ತವೆ. ಮೀನು ಆಗ ಉಳಿದ ಆಳದಲ್ಲಿ ಗುಂಪುಗೂಡುವುದರಿಂದ ಸುಲಭವಾಗಿ ಸಿಗುತ್ತದೆ, ನಿಜ. ಆದರೆ ಬಿಸಿಯಾದ ಆಳವಿಲ್ಲದ ನೀರಿನಲ್ಲಿ ದಣಿದ ಮೀನನ್ನು ಮರಳಿ ಬಿಟ್ಟರೂ ಅದು ಬದುಕುವುದು ಕಷ್ಟ. ಆ ಕೆರೆಗಳಿಗೆ ಬೆಳಗಿನ ಹೊತ್ತಿನಲ್ಲಿ ಮಾತ್ರ ಹೋಗುತ್ತೇನೆ, ತಿನ್ನಲು ಬೇಕಾದಷ್ಟು ಸಿಕ್ಕಿದೊಡನೆ ಗಾಳ ಸುತ್ತುತ್ತೇನೆ.

ಎರಡನೆಯ ಪ್ರಶ್ನೆ ಅನುಮತಿಯದು. ನಾಗರಹೊಳೆ ರಾಷ್ಟ್ರೀಯ ಉದ್ಯಾನ, ಬ್ರಹ್ಮಗಿರಿ, ತಲಕಾವೇರಿ ಮತ್ತು ಪುಷ್ಪಗಿರಿ ವನ್ಯಜೀವಿಧಾಮಗಳೊಳಗಿನ ಯಾವ ನೀರನ್ನೂ ನಾನು ಪಟ್ಟಿಗೆ ಸೇರಿಸುವುದಿಲ್ಲ. ಲಕ್ಷ್ಮಣತೀರ್ಥ, ಬರಪೊಳೆಗಳ ದಡಕ್ಕೆ ಹೋಗುವುದಿದ್ದರೆ ಅರಣ್ಯದ ಗಡಿ ಎಲ್ಲಿ ಮುಗಿಯುತ್ತದೆಂದು ಸಮೀಪದ ಅರಣ್ಯ ಕಚೇರಿಯಲ್ಲಿ ಕೇಳಿಯೇ ಹೋಗುತ್ತೇನೆ. ತೋಟದ ಕೆರೆಗೆ ಮಾಲೀಕರ ಒಪ್ಪಿಗೆ ಬೇಕು. ಊರ ಕೆರೆಯಾದರೆ ಮೀನು ಹಿಡಿಯುವ ಹಕ್ಕು ಗುತ್ತಿಗೆಗೆ ಹೋಗಿರಬಹುದು, ಹಾಗಾದರೆ ಗುತ್ತಿಗೆದಾರರನ್ನು ಕಾಣಬೇಕು. ಕಾಟ್ಲಾ, ರೋಹು ಮರಿಗಳನ್ನು ದುಡ್ಡು ಕೊಟ್ಟು ಬಿಟ್ಟವರ ಕೆರೆಗೆ ಕೇಳದೆ ಗಾಳ ಹಾಕುವುದು ಕಳವಲ್ಲದೆ ಬೇರೇನಲ್ಲ. ಜಲಾಶಯಗಳ ವಿಚಾರವನ್ನು ಮೀನುಗಾರಿಕೆ ಇಲಾಖೆಯಲ್ಲಿ ಪ್ರತಿ ವರ್ಷವೂ ಹೊಸದಾಗಿ ವಿಚಾರಿಸುತ್ತೇನೆ.

ವಾಲ್ನೂರಿನ ಭಾಗ ಬೇರೆಯೇ. ಅಲ್ಲಿನ ಕಾವೇರಿಯಲ್ಲಿ ಮಹಶೀರ್ ಉಳಿಸುವ ಕೆಲಸವನ್ನು ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಬಹುಕಾಲದಿಂದ ಮಾಡುತ್ತಿದ್ದು, ಹಿಡಿದ ಮೀನನ್ನು ಮರಳಿ ನೀರಿಗೆ ಬಿಡುವ ಶರತ್ತಿನ ಮೇಲೆ ಗಾಳಕ್ಕೆ ಅವಕಾಶ ಕೊಡುತ್ತ ಬಂದಿದೆ. ಕಾವೇರಿ ದಡದವರು ಬಿಳಿ ಮೀನು ಎನ್ನುವ ಈ ಮಹಶೀರ್‌ಗೆ ತೋಟೆ (ಸಿಡಿಮದ್ದು) ಮತ್ತು ವಿಷ ಹಾಕಿ ಮೀನು ಹಿಡಿಯುವವರಿಂದ ಆಗಿರುವ ಹಾನಿ ಸಣ್ಣದಲ್ಲ. ಇದರ ಬಳಗದ ಗೂನುಬೆನ್ನಿನ ಮಹಶೀರ್ ಕಾವೇರಿ ಕೊಳ್ಳವನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಇಲ್ಲ. 2018ರಲ್ಲಿ ಅದನ್ನು ಅಳಿವಿನ ಅಂಚಿನ ತೀವ್ರ ಅಪಾಯದ ಪಟ್ಟಿಗೆ ಸೇರಿಸಲಾಯಿತು. ಇಂಥ ಹೊಳೆಯಲ್ಲಿ ಮಹಶೀರ್ ಅನ್ನು ಸಾರಿಗೆಂದು ಒಯ್ಯುವವರನ್ನು ನಾನು ಜೊತೆಗೆ ಕರೆದೊಯ್ಯುವುದಿಲ್ಲ.

ಎರೆಗೆ ನಾನು ಬಳಸುವುದು ಹಳಬರ ರಾಗಿ ಹಿಟ್ಟು. ಗಟ್ಟಿಯಾಗಿ ನಾದಿ, ನಿಂಬೆಹಣ್ಣಿಗಿಂತ ತುಸು ಸಣ್ಣ ಉಂಡೆ ಮಾಡಿ, ಕುದಿಯುವ ನೀರಿನಲ್ಲಿ ಬೇಯಿಸಿ, ಮತ್ತೊಮ್ಮೆ ನಾದುತ್ತೇನೆ. ಒಂದು ಉಂಡೆಯನ್ನು ಪಾತ್ರೆಯ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ಬಿರುಕು ಬಿಡದಿದ್ದರೆ ಹೊಳೆಯ ಸೆಳೆತಕ್ಕೂ ನಿಲ್ಲುತ್ತದೆಂದು ತಿಳಿಯುತ್ತೇನೆ. ಕೆರೆಯ ಗೆಂಡೆಗೆ ಇದೇ ಹಿಟ್ಟಿಗೆ ಕಡಲೆಕಾಯಿ ಹಿಂಡಿ ಸೇರಿಸಿ ಮೆತ್ತಗೆ ಮಾಡಿದರೆ ಸಾಕು. ಕೊರವ ಮೀನಿಗೆ ಕಪ್ಪೆಯಾಕಾರದ ರಬ್ಬರ್ ಎರೆ ಒಳ್ಳೆಯದು. ಆದರೆ ಕೆರೆಯ ಮೇಲ್ಮೈಯಲ್ಲಿ ಕೆಂಪು ಮರಿಗಳ ಗುಂಪು ಕುದಿಯುವಂತೆ ಕಂಡರೆ ಅಲ್ಲಿ ಎಸೆಯುವುದಿಲ್ಲ, ಏಕೆಂದರೆ ಕೆಳಗೆ ಕಾವಲಿರುವ ದೊಡ್ಡ ಕೊರವ ಹಸಿವಿಲ್ಲದಿದ್ದರೂ ಮರಿಗಳ ರಕ್ಷಣೆಗಾಗಿ ಎರೆಯನ್ನು ಕಚ್ಚುತ್ತದೆ, ಅದನ್ನು ಎಳೆದು ತೆಗೆದರೆ ಮರಿಗಳಿಗೆ ಕಾವಲಿಲ್ಲದಂತಾಗುತ್ತದೆ.

ಗಾಳದ ತುದಿಯಲ್ಲಿ ಹಿಮ್ಮುಖವಾಗಿರುವ ಸಣ್ಣ ಮುಳ್ಳನ್ನು ಮನೆಯಲ್ಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಳ್ಳುತ್ತೇನೆ. ಹೀಗೆ ಮಾಡಿದರೆ ಮಹಶೀರ್‌ನ ದಪ್ಪ ತುಟಿಯಿಂದ ಗಾಳ ಒಂದೇ ತಿರುವಿಗೆ ಹೊರಬರುತ್ತದೆ. ಒಣ ಕೈ ತಗಲಿದರೆ ಮೈಯ ಲೋಳೆ ಕಿತ್ತುಬಂದು ಸೋಂಕು ತಗಲುವುದರಿಂದ ಮೊದಲು ಕೈ ಒದ್ದೆ ಮಾಡಿಕೊಳ್ಳುತ್ತೇನೆ. ಮೀನನ್ನು ನೀರಿನಿಂದ ಎತ್ತುವುದೇ ಇಲ್ಲ. ಹೊಟ್ಟೆಯ ಕೆಳಗೆ ಒಂದು ಕೈ, ಬಾಲದ ಬುಡಕ್ಕೆ ಒಂದು ಕೈ ಕೊಟ್ಟು, ತಲೆಯನ್ನು ಹರಿವಿನ ಕಡೆ ತಿರುಗಿಸಿ ಹಿಡಿದರೆ ಕಿವಿರು ನಿಧಾನವಾಗಿ ತೆರೆದು ಮುಚ್ಚತೊಡಗುತ್ತದೆ. ಬಾಲ ಬಲವಾಗಿ ಬಡಿಯುವವರೆಗೆ ಬಿಡಬಾರದು. ಬೇಗ ಬಿಟ್ಟ ಮೀನು ಮಗುಚಿಕೊಂಡು ಸೆಳೆತಕ್ಕೆ ಸಿಕ್ಕಿ ಕೊಚ್ಚಿಹೋಗುತ್ತದೆ.

ಸಮಯದ ಲೆಕ್ಕವನ್ನು ಆನೆಗಳೇ ನಿರ್ಧರಿಸುತ್ತವೆ. ಸಿದ್ದಾಪುರ, ದುಬಾರೆ ಸುತ್ತಲಿನ ತೋಟಗಳಲ್ಲಿ ಅವು ಸಂಜೆಯಾಗುತ್ತಲೇ ನೀರಿಗೆ ಇಳಿಯುವುದರಿಂದ ಕತ್ತಲಾಗುವ ಮೊದಲೇ ದಡ ಬಿಡುತ್ತೇನೆ. ಹಿಂದಿನ ರಾತ್ರಿ ಆನೆ ಯಾವ ಕಡೆ ಇತ್ತೆಂದು ಲೈನ್‌ಮನೆಯ ಕಾರ್ಮಿಕರನ್ನು ಬೆಳಿಗ್ಗೆಯೇ ಕೇಳುತ್ತೇನೆ, ಏಕೆಂದರೆ ಆ ದಾರಿಯಲ್ಲಿ ದಿನವೂ ನಡೆಯುವವರು ಅವರೇ. ಮೂರು ದಿನದ ಪ್ರವಾಸವಾದರೆ ಮೊದಲ ದಿನ ಪರಿಚಿತರ ತೋಟದ ಕೆರೆ, ಎರಡನೆಯ ದಿನ ವಾಲ್ನೂರಿನ ಕಾವೇರಿ, ಕೊನೆಯ ದಿನ ಹಾರಂಗಿ ಅಥವಾ ಚಿಕ್ಲಿಹೊಳೆ ಎಂದು ಇಟ್ಟುಕೊಳ್ಳುತ್ತೇನೆ. ಮೇಲೆ ಮಳೆ ಬಂದು ಹೊಳೆ ಕೆಂಪಾದರೆ ಎರಡನೆಯ ದಿನವನ್ನೂ ಕೆರೆಯಲ್ಲೇ ಕಳೆಯುತ್ತೇನೆ.