ಸೈಕಲ್ಲನ್ನು ಹರಿಗೋಲಿಗೆ ಹತ್ತಿಸಿದ್ದು

ಕಾವೇರಿ ಜೊತೆಜೊತೆಗೇ ಸೈಕಲ್ ತುಳಿಯಬೇಕು ಅಂತ ಹೊರಟರೆ ನಮ್ಮ ಕಡೆ ಮೊದಲು ವಿಚಾರಿಸಬೇಕಾದ್ದು ದಾರಿಯನ್ನಲ್ಲ, ಕಟ್ಟೆಯನ್ನು. ಕನ್ನಂಬಾಡಿ 124.80 ಅಡಿ ತುಂಬಿ ಗೇಟು ಎತ್ತಿದರೆಂದರೆ ಹರಿಗೋಲುಗಳೆಲ್ಲ ದಡದ ಮೇಲೆ ಬೋರಲು. ಹಿಂದೊಮ್ಮೆ ಆಗಸ್ಟಿನಲ್ಲಿ ಹುರುಪಿನಿಂದ ಹೊರಟವನು ಶ್ರೀರಂಗಪಟ್ಟಣ ದಾಟಲಿಲ್ಲ. 1804ರ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳಿಗೆ ಕೆನ್ನೀರು ಅಪ್ಪಳಿಸುವುದನ್ನು ನೋಡಿ, ಕಾಫಿ ಕುಡಿದು ಮೈಸೂರಿಗೆ ವಾಪಸ್.

ಎರಡನೇ ಸಲ ಡಿಸೆಂಬರ್ ಕೊನೆ. ಬೆಳಿಗ್ಗೆ ಆರಕ್ಕೆ ಶ್ರೀರಂಗಪಟ್ಟಣ ಬಿಟ್ಟೆ. ಅರಕೆರೆ, ಬನ್ನೂರು, ಸೋಮನಾಥಪುರ, ಸೋಸಲೆ, ಮುಡುಕುತೊರೆ, ತಲಕಾಡು. ಸುಮಾರು 60 ಕಿ.ಮೀ. ಹೊಳೆ ಬಲಕ್ಕಿದೆ ಅಂತ ಗೊತ್ತು, ಕಣ್ಣಿಗೆ ಬೀಳುವುದು ಮಾತ್ರ ಅಪರೂಪ. ಮಧ್ಯೆ ಬರೀ ಗದ್ದೆ, ಕಬ್ಬು, ತೆಂಗು. ನಾಲೆ ಏರಿ ಸಿಕ್ಕಿದಲ್ಲೆಲ್ಲ ಅದನ್ನೇ ಹಿಡಿದೆ. ನೆರಳಿರುತ್ತದೆ, ಕಬ್ಬಿನ ಟ್ರ್ಯಾಕ್ಟರ್ ಮೈಮೇಲೆ ಬರುವುದಿಲ್ಲ. ಆದರೆ ಜಾಲಿಮುಳ್ಳು ಇರುತ್ತದೆ. ಎರಡು ಟ್ಯೂಬು ಇಟ್ಟುಕೊಂಡಿದ್ದೆ, ಎರಡೂ ಖರ್ಚಾದವು.

ಸುಗ್ಗಿ ಕಾಲದಲ್ಲಿ ಇನ್ನೊಂದು ಕಾಟ. ಗಾಡಿಗಳು ಹಾದು ಒಕ್ಕಣೆಯಾಗಲಿ ಅಂತ ಹುರುಳಿಯನ್ನು ರಸ್ತೆಗೇ ಹರಡಿರುತ್ತಾರೆ. ಲಾರಿಗೆ ಅದು ಲೆಕ್ಕಕ್ಕಿಲ್ಲ, ಸೈಕಲ್ಲಿಗೆ ಉರುಳು. ಬನ್ನೂರಿಗೆ ಮುಂಚೆ ಬಳ್ಳಿಯೆಲ್ಲ ಫ್ರೀವೀಲಿಗೆ ಸುತ್ತಿ ಚೈನೇ ನಿಂತುಹೋಯಿತು. ಚಾಕುವಿನಲ್ಲಿ ಕುಯ್ದು ಬಿಡಿಸುವಷ್ಟರಲ್ಲಿ ಅರ್ಧ ಗಂಟೆ. "ಇಳ್ದು ನೂಕ್ಕಂಡು ಹೋಗಾಕಾಗಲ್ವೇನಪ್ಪ? ಅರ್ಧ ಸೇರು ಹುರುಳಿ ನಿನ್ನ ಗಾಲೀಲೇ ಹೋಯ್ತಲ್ಲ" ಅಂದಳು ಕಾಯುತ್ತ ಕೂತಿದ್ದ ಅಜ್ಜಿ. ಆಮೇಲೆ ಹುರುಳಿ ಕಂಡಲ್ಲೆಲ್ಲ ಇಳಿದೆ.

'ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ' ಅನ್ನುವ ಅಲಮೇಲಮ್ಮನ ಶಾಪ ಯಾರಿಗೆ ಗೊತ್ತಿಲ್ಲ? ಮಾಧವಮಂತ್ರಿ ಅಣೆಕಟ್ಟೆಯಿಂದಾಗಿ ಮರಳು ಶೇಖರವಾಯಿತು ಅನ್ನುವ ವಾದವೂ ಇದೆ. ಕಾರಣ ಯಾವುದಾದರೂ ಸರಿ, ಸೈಕಲ್ಲಿನವನಿಗೆ ಶಾಪದ ಮೊದಲರ್ಧ ಇವತ್ತಿಗೂ ತಗಲುತ್ತದೆ. ಗಾಲಿ ಹೂತು ನಿಂತಿತು. ಗಾಳಿ ಇಳಿಸಿ ನೋಡಿದೆ, ಆಗಲಿಲ್ಲ. ನೀಲಗಿರಿ ತೋಪಿನೊಳಗೆ ಹೊಳೆಯವರೆಗೂ ಹೆಗಲ ಮೇಲೆ ಹೊತ್ತೆ.

ಉಳಿದರ್ಧ ಆಚೆ ದಡದ ಮಾಲಂಗಿಗೆ ದಾಟಿಸುವ ಅಂಬಿಗರ ಪಾಲಿನದು. ಅವರು ನನ್ನನ್ನು ನೋಡಲೇ ಇಲ್ಲ, ಸೈಕಲ್ಲನ್ನು ನೋಡಿದರು. "ಪೆಡ್ಲು ಬಿಚ್ಚಿ ಸಾ. ಅದು ತೂತಾಕ್ಬುಟ್ರೆ ನಡು ಹೊಳೇಲಿ ಏನ್ಮಾಡದು?" ಬಿದಿರ ಹೆಣಿಗೆಗೆ ಈಗ ಚರ್ಮ ಹೊದಿಸುವುದಿಲ್ಲ, ಪ್ಲಾಸ್ಟಿಕ್ ಚೀಲದ ಪಟ್ಟೆಗೆ ಡಾಂಬರು ಬಳಿದಿರುತ್ತಾರೆ. ಮೊನಚಾದದ್ದೇನು ತಗುಲಿದರೂ ಹರಿಯುತ್ತದೆ. ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಚೈನಿನ ಕಡೆ ಮೇಲಾಗಿ ಮಲಗಿಸಿ, ಕೆಳಗೆ ಟವೆಲ್ ಹಾಸಿದೆ. ಗಾಲಿ ಹರಿಗೋಲಿನ ಅಂಚಿಗೆ ಒರಗಿತು. ನಾನು ಎದುರು ಬದಿಗೆ ಚಕ್ಕಳಮಕ್ಕಳ. ಭಾರ ಒಂದೇ ಕಡೆ ಬಿದ್ದರೆ ಹರಿಗೋಲು ವಾಲುತ್ತದೆ; ನಿಲ್ಲಲೇಬಾರದು, ಫೋಟೋಗಂತೂ ಬೇಡ. ಜೀವರಕ್ಷಕ ಜಾಕೆಟ್ ನಾನೇ ತಂದಿದ್ದೆ. ಅಂಬಿಗರಿಗೆ ನಗು.

ದಡದ ಹತ್ತಿರ ಬಿದಿರು ಗಳು ಊರಿ ತಳ್ಳಿದರು, ಸಲೀಸು. ನಡುವೆ ಬಂದಾಗ ಗಳು ಇಳಿದೇ ಇಳಿಯಿತು, ತಳ ಸಿಗಲಿಲ್ಲ. ಹುಟ್ಟು ತೆಗೆದುಕೊಂಡರು. "ಇದೇಯ ಮಡು" ಅಂದರು, ಮನೆ ಬಾಗಿಲು ತೋರಿಸುವ ಹಾಗೆ. ಹರಿಗೋಲು ನಿಧಾನಕ್ಕೆ ತಿರುಗತೊಡಗಿತು. ಮುಡುಕುತೊರೆ ಬೆಟ್ಟ ಒಮ್ಮೆ ಎದುರಿಗೆ, ಒಮ್ಮೆ ಬೆನ್ನಿಗೆ. ಆ ಹತ್ತು ನಿಮಿಷ ಮಾತಾಡಲಿಲ್ಲ. ಬಾಯಿ ಒಣಗಿತ್ತು ಅಂದರೂ ಸರಿಯೇ.

ಮಾಲಂಗಿ ಕಡೆ ಇಳಿದು ಪೆಡಲ್ ಹಾಕುವಾಗ ಎಡವಟ್ಟಾಯಿತು. ಎಡಗಡೆ ಪೆಡಲಿನ ಮರೆ, ಅಂದರೆ ತಿರುಪಿನ ಸುತ್ತು, ಉಲ್ಟಾ ಇರುತ್ತದೆ. ಬಿಚ್ಚುವಾಗ ನೆನಪಿತ್ತು, ಹಾಕುವಾಗ ಮರೆತೆ. ಬಲವಂತ ಮಾಡಿ ಮರೆ ಸವೆಸಿಬಿಟ್ಟೆ. ಒಂದೇ ಕಾಲಲ್ಲಿ ತುಳಿಯುತ್ತ, ಏರು ಬಂದಲ್ಲಿ ಇಳಿಯುತ್ತ ತಿ. ನರಸೀಪುರ ಮುಟ್ಟುವಾಗ ದೀಪ ಹತ್ತಿತ್ತು. ಸೈಕಲ್ ಶಾಪಿನವನು ಪೆಡಲ್ ಕೂರುವ ಕ್ರ್ಯಾಂಕು ಬದಲಾಯಿಸುತ್ತ, "ಎಲ್ಲಿ ಬಿದ್ರಿ?" ಅಂದ. ಬೀಳಲಿಲ್ಲ, ಹೊಳೆ ದಾಟಿದೆ ಅಂದೆ. "ಸೇತುವೆ ಇಲ್ಲೇ ಐತಲ್ಲ ಸಾ!"