ಕರುಳಿನ ಕ್ಯಾನ್ಸರ್ ಅರಿವಿನ ಸಮೀಕ್ಷೆ: ಪಟ್ಟಿ ತೋರಿಸುವ ಮೊದಲು ಕೇಳಿ

ದೊಡ್ಡ ಕರುಳಿನ ಕ್ಯಾನ್ಸರ್ ಬಗ್ಗೆ ಜನರಿಗೆ ಎಷ್ಟು ಗೊತ್ತಿದೆ ಎಂದು ಅಳೆಯಲು ಹೊರಟವರು ಹೆಚ್ಚಾಗಿ ಎಡವುವುದು ಪ್ರಶ್ನೆಗಳ ಕ್ರಮದಲ್ಲಿ. ಲಕ್ಷಣಗಳ ಪಟ್ಟಿ ಮುಂದಿಟ್ಟು "ಇದು ಲಕ್ಷಣವೇ?" ಎಂದು ಕೇಳಿದರೆ, ಗೊತ್ತಿಲ್ಲದವರೂ ಹೌದು ಎನ್ನುತ್ತಾರೆ. ಆದ್ದರಿಂದ ಮೊದಲ ಪ್ರಶ್ನೆ ತೆರೆದಿರಲಿ: "ಈ ಕಾಯಿಲೆಯ ಲಕ್ಷಣಗಳು ಯಾವುವು? ನೆನಪಾದಷ್ಟು ಹೇಳಿ." ಪಟ್ಟಿ ಆಮೇಲೆ ಬರಲಿ. ಬ್ರಿಟನ್ನಿನಲ್ಲಿ ರೂಪಿಸಿದ 'ಬವೆಲ್ ಕ್ಯಾನ್ಸರ್ ಅವೇರ್‌ನೆಸ್ ಮೆಷರ್' ಪ್ರಶ್ನಾವಳಿಯ ಕ್ರಮವೂ ಇದೇ. ಅದರ ಪಟ್ಟಿಯಲ್ಲಿ 9 ಲಕ್ಷಣಗಳಿವೆ.

ಮುದ್ರಿತ ಹಾಳೆಯನ್ನು ಕೈಗೆ ಕೊಟ್ಟರೆ ಜನ ಮುಂದಿನ ಪುಟ ನೋಡಿ ಹಿಂದಿನದನ್ನು ತುಂಬುತ್ತಾರೆ. ಸಂದರ್ಶಕರೇ ಓದಿ ಕೇಳಲಿ. ಆನ್‌ಲೈನ್ ಆದರೆ ಹಿಂದಿನ ಪುಟಕ್ಕೆ ಮರಳದಂತೆ ಮಾಡಿ. ಒಪ್ಪಿಗೆ ಪತ್ರದಲ್ಲೂ ಲಕ್ಷಣಗಳ ಸುಳಿವು ಬೇಡ. ಪಟ್ಟಿಯಲ್ಲಿ ಕಿವಿನೋವಿನಂಥ ಒಂದೆರಡು ಸಂಬಂಧವಿಲ್ಲದ ಲಕ್ಷಣಗಳನ್ನು ಸೇರಿಸಿದರೆ, ಎಲ್ಲದಕ್ಕೂ ತಲೆಯಾಡಿಸುವವರು ಸಿಕ್ಕಿಬೀಳುತ್ತಾರೆ. "ಗೊತ್ತಿಲ್ಲ" ಎಂಬ ಆಯ್ಕೆ ಇರಲೇಬೇಕು.

ಭಾಷೆಗೆ ಸಮಯ ಕೊಡಿ. "ಮಲವಿಸರ್ಜನೆಯ ಅಭ್ಯಾಸದಲ್ಲಿ ಬದಲಾವಣೆ" ಎಂದರೆ ಎಷ್ಟೋ ಮಂದಿಗೆ ಅರ್ಥವಾಗದು. "ಭೇದಿ ಅಥವಾ ಮಲಬದ್ಧತೆ ಶುರುವಾಗಿ ಕೆಲವು ವಾರವಾದರೂ ಸರಿಹೋಗದಿರುವುದು" ಎನ್ನಿ. ಮಲದಲ್ಲಿ ರಕ್ತ ಕಂಡರೆ ಹಲವರು ಮೂಲವ್ಯಾಧಿ ಎಂದುಕೊಂಡು ಸುಮ್ಮನಾಗುತ್ತಾರೆ, ಹಾಗಾಗಿ "ರಕ್ತ ಕಂಡರೆ ಎಷ್ಟು ದಿನದೊಳಗೆ ವೈದ್ಯರ ಬಳಿ ಹೋಗುತ್ತೀರಿ?" ಎಂದು ಬೇರೆಯಾಗಿಯೇ ಕೇಳಿ. ಇಂಗ್ಲಿಷ್ ಪ್ರಶ್ನಾವಳಿಯನ್ನು ಅನುವಾದಿಸಿದ್ದರೆ, ಮೂಲ ನೋಡದ ಇನ್ನೊಬ್ಬರಿಂದ ಅದನ್ನು ಮತ್ತೆ ಇಂಗ್ಲಿಷಿಗೆ ತರಿಸಿ ಹೋಲಿಸಿ. ಆಮೇಲೆ ಸುಮಾರು 30 ಜನರ ಮೇಲೆ ಪ್ರಯೋಗಿಸಿ. ಅವರನ್ನು ಮುಖ್ಯ ಅಧ್ಯಯನಕ್ಕೆ ಸೇರಿಸಬೇಡಿ.

ಮಾದರಿ ಗಾತ್ರದ ಲೆಕ್ಕ ಹೀಗೆ: ಅರಿವಿರುವವರ ಪ್ರಮಾಣ 50%, ದೋಷದ ಮಿತಿ (ಫಲಿತಾಂಶ ನಿಜದಿಂದ ಎಷ್ಟು ಆಚೀಚೆ ಆಗಬಹುದು ಎಂಬುದು) 5%, ವಿಶ್ವಾಸ ಮಟ್ಟ (ಆ ಮಿತಿಯೊಳಗೇ ಇರುತ್ತದೆ ಎಂಬ ಭರವಸೆ) 95% ಎಂದಿಟ್ಟುಕೊಂಡರೆ 385 ಜನ ಬೇಕು. ಬಡಾವಣೆ ಅಥವಾ ಹಳ್ಳಿಗಳನ್ನು ಗುಂಪುಗುಂಪಾಗಿ ಆರಿಸಿದರೆ ಒಂದೇ ಕಡೆಯವರ ಉತ್ತರಗಳು ಹೋಲುತ್ತವೆ, ಅದನ್ನು ಸರಿದೂಗಿಸಲು ಹೆಚ್ಚು ಜನ ಬೇಕು: 1.5ರಿಂದ ಗುಣಿಸಿದರೆ 578. 20% ಮಂದಿ ಉತ್ತರಿಸಲಾರರು ಎಂದಾದರೆ 0.8ರಿಂದ ಭಾಗಿಸಿ, 723. ಇಲ್ಲಿ 20% ಕೂಡಿಸುವುದು ಸಾಮಾನ್ಯ ತಪ್ಪು. ಆಗ 694 ಮಾತ್ರ ಆಗಿ, ಕೊನೆಗೆ ಜನ ಸಾಲುವುದಿಲ್ಲ.

ಮನೆಯಲ್ಲಿ ಬಾಗಿಲು ತೆರೆದವರನ್ನೇ ಕೇಳಬೇಡಿ. ಅರ್ಹ ವಯಸ್ಸಿನವರಲ್ಲಿ ಯಾರ ಹುಟ್ಟುಹಬ್ಬ ಮೊದಲು ಬರುತ್ತದೋ ಅವರನ್ನು ಆರಿಸಿ. ಆಸ್ಪತ್ರೆಯ ಹೊರರೋಗಿಗಳನ್ನಷ್ಟೇ ಕೇಳಿ, ಅದನ್ನು ಸಾರ್ವಜನಿಕರ ಅರಿವು ಎಂದು ಬರೆಯುವಂತಿಲ್ಲ. ಎಷ್ಟು ಅಂಕ ಬಂದರೆ "ಉತ್ತಮ ಅರಿವು" ಎಂಬುದನ್ನು ದತ್ತಾಂಶ ನೋಡುವ ಮೊದಲೇ ಬರೆದಿಡಿ.

ಸಂಶೋಧನೆಗಳನ್ನು ಪರಿಶೀಲಿಸುವ ನೈತಿಕ ಸಮಿತಿಯ ಅನುಮತಿ ಸಿಕ್ಕ ಮೇಲೆಯೇ ಕ್ಷೇತ್ರಕ್ಕೆ ಇಳಿಯಿರಿ. ಸರಿಯುತ್ತರಗಳ ಕರಪತ್ರವನ್ನು ಕೊನೆಯ ಪ್ರಶ್ನೆ ಮುಗಿದ ಮೇಲೆ ಕೊಡಿ. ಮಾತಿನ ನಡುವೆ ಯಾರಾದರೂ ತಮಗೇ ರಕ್ತ ಹೋಗುತ್ತಿದೆ ಎಂದರೆ, ಯಾವ ವೈದ್ಯರನ್ನು ಎಲ್ಲಿ ಕಾಣಬೇಕೆಂದು ಅಂದೇ ಬರೆದುಕೊಡಿ.