ಠ ಹೊಟ್ಟೆಯೊಳಗಿನ ಚುಕ್ಕಿ

ಹಳೇ ವಿಡಿಯೋ ಗೇಮ್ ಥರ ಕಾಣುವ ಒಂದು ಸಣ್ಣ ಗೇಮ್ ಮಾಡುತ್ತಿದ್ದೆ. ಇಂಗ್ಲಿಷ್‌ಗೆ ‘ಪ್ರೆಸ್ ಸ್ಟಾರ್ಟ್ 2ಪಿ’ ಎಂಬ ಉಚಿತ ಫಾಂಟ್ ಇತ್ತು. ಅದರಲ್ಲಿ ಪ್ರತಿ ಅಕ್ಷರವೂ 8x8 ಪಿಕ್ಸೆಲ್‌ಗಳ, ಅಂದರೆ ಪರದೆಯ ಪುಟ್ಟ ಚುಕ್ಕಿಗಳ, ಚೌಕದೊಳಗೆ ಕೂರುತ್ತದೆ. ಕನ್ನಡದ ಅಕ್ಷರಗಳನ್ನು ನಾನೇ ಬರೆಯೋಣ ಅಂತ ಗ್ರಾಫ್ ಹಾಳೆ ಹಿಡಿದು ಕೂತೆ. ಅಳತೆ ಅದೇ 8.

ಮೊದಲು ‘ರ’ ಬರೆದೆ, ಚೆನ್ನಾಗಿಯೇ ಬಂತು. ಆಮೇಲೆ ‘ಠ’. ರ ಹೊಟ್ಟೆಯೊಳಗೆ ಒಂದು ಚುಕ್ಕಿ, ಅಷ್ಟೇ ಅಲ್ವಾ? ಆದರೆ ಎಣಿಸಿ ನೋಡಿ. ಚುಕ್ಕಿಗೆ 1 ಪಿಕ್ಸೆಲ್. ಅದರ ಎರಡೂ ಬದಿ ಖಾಲಿ ಬಿಡಲು 2. ಸುತ್ತಲಿನ ಗೆರೆಗೆ 2. ಅಗಲವೂ 5, ಎತ್ತರವೂ 5. ತಲೆಕಟ್ಟಿಗೆ ಇನ್ನೂ 2 ಸೇರಿದರೆ ಎತ್ತರ 7. ಉಳಿದದ್ದು ಒಂದೇ ಸಾಲು. ಒತ್ತಕ್ಷರ ಎಲ್ಲಿ ಕೂರಬೇಕು?

ಎಂಟರ ಆಸೆ ಬಿಟ್ಟು 16ಕ್ಕೆ ಹೋದೆ. ಮೇಲಿನ 3 ಸಾಲು ತಲೆಕಟ್ಟು, ಗುಡಿಸಿಗೆ. ನಡುವಿನ 7 ಅಕ್ಷರಕ್ಕೆ. ಒಂದು ಸಾಲು ಖಾಲಿ. ಕೆಳಗಿನ 5 ಒತ್ತಿಗೆ. ‘ನಿಷ್ಠೆ’ಯ ಒತ್ತು ಅಲ್ಲಿ ಸರಿಯಾಗಿ ಕೂತಾಗ ಆದ ಖುಷಿ ಅಷ್ಟಿಷ್ಟಲ್ಲ.

ಗೆರೆ ದಪ್ಪ ಇರಲಿ ಅಂತಲೂ ಒಮ್ಮೆ ನೋಡಿದೆ. 1984ರ ಮ್ಯಾಕಿಂಟಾಷ್ ಕಂಪ್ಯೂಟರ್‌ಗೆ ಸೂಸನ್ ಕೇರ್ ಮಾಡಿದ ‘ಶಿಕಾಗೊ’ ಫಾಂಟ್ ನನಗೆ ತುಂಬಾ ಇಷ್ಟ. ಅದರ ನಿಂತ ಗೆರೆಗಳು 2 ಪಿಕ್ಸೆಲ್ ದಪ್ಪ. ಅಕ್ಷರದ ಪಿಕ್ಸೆಲ್‌ಗಳನ್ನು ಒಂದು ಬಿಟ್ಟು ಒಂದು ಅಳಿಸಿ ಮೆನುವನ್ನು ಮಂಕಾಗಿಸಿದರೂ ಓದಬಹುದು. ನಮ್ಮ ದುಂಡು ಅಕ್ಷರಗಳಿಗೆ ಆ ದಪ್ಪ ಹಾಕಿದಾಗ ‘ಧ’ದ ಹೊಟ್ಟೆಯ ಸೀಳು ಮುಚ್ಚಿಹೋಯಿತು. ‘ಥ’ದ ಕಥೆ ಕೇಳಲೇಬೇಡಿ. ಸುಮ್ನೆ 1 ಪಿಕ್ಸೆಲ್‌ಗೆ ವಾಪಸ್ ಬಂದೆ.

ಹಾಳೆಯಲ್ಲಿದ್ದದ್ದನ್ನು ಫಾಂಟ್ ಮಾಡುವ ಸಾಫ್ಟ್‌ವೇರ್ ಆದ ಫಾಂಟ್‌ಫೋರ್ಜ್‌ನಲ್ಲಿ ಚೌಕ ಚೌಕವಾಗಿ ಜೋಡಿಸಿದೆ. ಇಲ್ಲಿ ಒಂದು ದಿನ ಹಾಳಾಯಿತು. ಅಕ್ಷರದ ಅಳತೆ 1000 ಯೂನಿಟ್ ಇತ್ತು. 16ರಿಂದ ಭಾಗಿಸಿದರೆ 62.5. ಅರ್ಧ ಯೂನಿಟ್‌ನ ಗಲಾಟೆಯಿಂದ ಚೌಕಗಳ ನಡುವೆ ಕೂದಲೆಳೆಯಷ್ಟು ಬಿರುಕು. 1024 ಮಾಡಿದೆ. ಒಂದು ಪಿಕ್ಸೆಲ್‌ಗೆ ಸರಿಯಾಗಿ 64.

ಪರದೆಯ ಮೇಲೂ ಇದೇ ಹಟ. 16, 32, 48 ಅಳತೆಯಲ್ಲಿ ಚೂಪಾಗಿ ಕಾಣುತ್ತದೆ. 20 ಅಂದರೆ ಮಸುಕು. ಅಂಚು ನುಣುಪು ಮಾಡುವ ಆಂಟಿ ಅಲಿಯಾಸಿಂಗ್ ಆಫ್ ಇರಬೇಕು. ಅಕ್ಷರಗಳನ್ನು ನಡುವಿಗೆ ತರುವಾಗ ಅರ್ಧ ಪಿಕ್ಸೆಲ್ ಸರಿದರೂ ಮತ್ತೆ ಮಸುಕು. ಈ ಕೊನೆಯದ್ದು ನನಗೆ ಬಹಳ ತಡವಾಗಿ ಹೊಳೆಯಿತು.

ಇಷ್ಟಾದರೂ ಗೇಮ್ ಓಡಿಸುವ ಸಾಫ್ಟ್‌ವೇರ್ ಆದ ನನ್ನ ಗೇಮ್ ಎಂಜಿನ್‌ಗೆ ಒತ್ತಕ್ಷರ ಜೋಡಿಸಲು ಬರಲಿಲ್ಲ. ಹಾಗಾಗಿ ಮೆನುವಿನ ಪ್ರತಿ ಪದವನ್ನೂ ಬೇರೆ ಕಡೆ ಬರೆದು, ಚಿತ್ರ ಮಾಡಿ ತಂದು ಹಾಕಿದೆ. ಒಂದು ಪದ ಮಾತ್ರ ಕೊನೆಗೂ ಒಗ್ಗಲಿಲ್ಲ. ‘ಅಸ್ತ್ರ’ದಲ್ಲಿ ಎರಡು ಒತ್ತು. ಆ 5 ಸಾಲಲ್ಲಿ ಎರಡೂ ಒಂದಕ್ಕೊಂದು ಅಂಟಿಕೊಂಡವು. ಅದನ್ನು ತೆಗೆದು ‘ಕತ್ತಿ’ ಅಂತ ಹಾಕಿದೆ.